ಮಾಮಿ ಓಟು ಹಾಕಿದ ಕಟ್ಟಡ

ನಮ್ಮ ಮಾಮಿ ಓಟು ಹಾಕಿದವರು ಯಾರೂ ಈವರೆಗೆ ಗೆದ್ದದ್ದಿಲ್ಲ! ಚುನಾವಣೆಯ ಮಾತಲ್ಲ, ಅದು ಗುಟ್ಟಿನ ಮತದಾನ, ಅಲ್ಲಿ ಅವರಿಂದ ಯಾರ್ಯಾರು ಮುಳುಗಿದರೋ ನನಗೆ ಗೊತ್ತಿಲ್ಲ. ನಾನು ಹೇಳುತ್ತಿರುವುದು ಟಿ.ವಿ.ಯ ಓಟು. ಹಾಡುವ ಮಕ್ಕಳು, ಕುಣಿಯುವ ದಂಪತಿ, ಸಾರು ಕುದಿಸುವ ನಟಿಯರು, ಮಾಮಿ ಯಾರನ್ನು ಮೆಚ್ಚಿದರೋ ಅವರು ಮುಂದಿನ ವಾರ ಕಣ್ಣೊರೆಸಿಕೊಳ್ಳುತ್ತ ಸೂಟ್‌ಕೇಸ್ ಎಳೆದುಕೊಂಡು ಹೊರಟರೆಂದೇ ತಿಳಿಯಬೇಕು. ಎದುರು ತಂಡದವರಿಗೆ ಈ ಸಂಗತಿ ಗೊತ್ತಾಗಿದ್ದರೆ ನನ್ನ ಅಪ್ಪನ ಈ ತಂಗಿಯನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಿದ್ದರು.

ಇಂಥ ಮಾಮಿಯ ಕಣ್ಣಿಗೆ ಹೊಸ ಸ್ಪರ್ಧೆಯೊಂದು ಬಿತ್ತು. ಪಾಳು ಬೀಳುತ್ತಿರುವ ಹಳೆಯ ಕಟ್ಟಡಗಳನ್ನು ಟಿ.ವಿ.ಯಲ್ಲಿ ತೋರಿಸುವುದು, ಜನ ಓಟು ಹಾಕುವುದು, ಗೆದ್ದ ಕಟ್ಟಡವನ್ನು ಚಾನೆಲಿನವರು ರಿಪೇರಿ ಮಾಡಿಸುವುದು. ಸೋತದ್ದು? ಸೋತದ್ದು ‘ಎಲಿಮಿನೇಟ್’! ಮನುಷ್ಯರು ಎಲಿಮಿನೇಟ್ ಆದರೆ ಮನೆಗೆ ಹೋಗುತ್ತಾರೆ. ಮನೆಯೇ ಎಲಿಮಿನೇಟ್ ಆದರೆ ಅದು ಎಲ್ಲಿಗೆ ಹೋಗಬೇಕು ಸ್ವಾಮಿ?

ಆ ಸ್ಪರ್ಧೆಗೆ ಜೆಪ್ಪುವಿನ ನಮ್ಮ ವಾಚನಾಲಯವೂ ಆಯ್ಕೆಯಾಯಿತು. ಅದರ ಮಾಡಿನ ಓಡುಗಳು ಅರ್ಧಕ್ಕರ್ಧ ಒಡೆದಿದ್ದವು. (ಹಂಚಿಗೆ ನಮ್ಮ ಕಡೆ ಓಡು ಎಂದೇ ಹೆಸರು, ಸೂರಿಗೆ ಮಾಡು.) ಮಳೆಗಾಲದ ಮೊದಲು ಮಾಡು ಸರಿಯಾಗದಿದ್ದರೆ ಕಟ್ಟಡ ಕೆಡವಿ ಪಾರ್ಕಿಂಗ್ ಮಾಡುವುದೆಂದು ಅದರ ಕಮಿಟಿಯವರು ತೀರ್ಮಾನಿಸಿಯೂ ಆಗಿತ್ತು. ನಮ್ಮ ಕುಟುಂಬದ ಮೊದಲ ಪದವೀಧರೆ ನಾನು. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಸುಮ್ಮನೆ ಬಂದ ಪದವಿಯಲ್ಲ ಅದು. ಮನೆಯಲ್ಲಿ ಇದ್ದದ್ದು ಒಂದೇ ಕೋಣೆ, ಒಂದೇ ಬಲ್ಬು, ಅದರ ಕೆಳಗೆ ಜಗಳವಾಡಲು ಇಡೀ ಸಂಸಾರ. ಓದಿದ್ದೆಲ್ಲ ಆ ವಾಚನಾಲಯದ ಮೂಲೆಯ ಮೇಜಿನಲ್ಲಿ. ಹಾಗಾಗಿ ಅದು ಉಳಿಯಲಿ ಎಂದು ನನಗೆ ಬಹಳ ಆಸೆಯಿತ್ತು. ಮಾಮಿ ಅದಕ್ಕೇ ಓಟು ಹಾಕುತ್ತಾರೆಂದು ಗೊತ್ತಾದ ದಿನ ಆಸೆ ಬಿಟ್ಟೆ.

ಶೂಟಿಂಗಿಗೆ ಬಂದ ತಂಡಕ್ಕೆ ಮೊದಲ ನೋಟದಲ್ಲೇ ಬೇಸರವಾಯಿತು. ಟಿ.ವಿ.ಯವರು ಬರುತ್ತಾರೆಂದು ಕಮಿಟಿಯವರು ಗುಡಿಸಿ, ಒರೆಸಿ, ಬಾಗಿಲಿಗೆ ತೋರಣ ಕಟ್ಟಿದ್ದರು. ಇಷ್ಟು ಚೊಕ್ಕಟವಾಗಿದ್ದರೆ ಯಾರು ಅಳುತ್ತಾರೆ? ಅವರು ತೋರಣ ಕಿತ್ತು ಹತ್ತಿಯಿಂದ ಜೇಡರ ಬಲೆ ಮಾಡಿ ಅಂಟಿಸಿದರು. ಮಾಮಿ ಹಿಂದಿನಿಂದಲೇ ಪೊರಕೆ ಹಿಡಿದು ತೆಗೆಯುತ್ತ ಹೋದರು. ಕೊನೆಗೆ ನಿರ್ದೇಶಕರು ಮಾಮಿಯನ್ನೇ ಕ್ಯಾಮೆರಾದ ಎದುರು ನಿಲ್ಲಿಸಿದರು.

“ಅಮ್ಮಾ, ಒಂಚೂರು ಅಳಿ.”

“ಯಾರು ಸತ್ತದ್ದು?”

“ಕಟ್ಟಡ ಸಾಯ್ತಾ ಇದೆಯಲ್ಲಮ್ಮಾ!”

“ಸಾಯ್ಲಿಕ್ಕೆ ಆಗಿದ್ರೆ ಮದ್ದು ಮಾಡ್ಬೇಕು. ಕೂಗಿದ್ರೆ ಎಂತ ಬಂತು ಮಾರಾಯ್ರೆ?”

ಪ್ರಸಾರವಾದಾಗ ಈ ಮಾತು ಇರಲಿಲ್ಲ. ಮಾಮಿಯ ಮುಖ ಇತ್ತು, ಜತೆಗೆ ಪಿಟೀಲು ಇತ್ತು.

ಓಟು ಹಾಕಲು ಆ್ಯಪ್ ಬೇಕು. ಮಾಮಿಯದ್ದು ಬಟನಿನ ಫೋನು. ಅದಕ್ಕೇನಂತೆ, ಊರಿನಲ್ಲಿ ಬೇರೆಯವರ ಫೋನಿಲ್ಲವೇ? ಜೆಪ್ಪುವಿನಿಂದ ಹಂಪನಕಟ್ಟೆಗೆ ಹೋಗುವ ಸಿಟಿ ಬಸ್ಸಿನಲ್ಲಿ ಮಾಮಿಯ ಪ್ರಚಾರ ಶುರುವಾಯಿತು.

“ಮಾಮಿ, ಟಿಕೆಟ್?” ಎಂದ ಕಂಡಕ್ಟರ್.

“ಟಿಕೆಟ್ ಮತ್ತೆ. ಮೊದ್ಲು ಓಟು ಹಾಕು.”

“ಯಾವ ಪಾರ್ಟಿ?”

“ಪಾರ್ಟಿ ಎಂತದೂ ಇಲ್ಲ, ಕಟ್ಟಡ.”

“ಓ, ಕಟ್ಟಡ ಗುರುತಾ? ಕ್ಯಾಂಡಿಡೇಟ್ ಯಾರು?”

ಇಡೀ ಬಸ್ಸು ನಕ್ಕಿತು. ಮಾಮಿ ಮಾತ್ರ ಅವನ ಫೋನಿನಿಂದ ಓಟು ಹಾಕಿಸಿಯೇ ಇಳಿದರು.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಮಾಮಿ ಹಂಪನಕಟ್ಟೆಯ ಪ್ರಿಂಟಿಂಗ್ ಅಂಗಡಿಗೆ ಫೋನು ಮಾಡಿ ಬ್ಯಾನರಿಗೂ ಹೇಳಿಬಿಟ್ಟರು! ಜೆಪ್ಪುವಿನಿಂದ ಉರ್ವದ ಮಾರ್ಕೆಟ್ಟಿನವರೆಗೆ ಬ್ಯಾನರು ಕಟ್ಟಿಸಿಯೂ ಆಯಿತು. ನಾನು ಸ್ಕೂಟರಿನಲ್ಲಿ ಹೋಗುತ್ತ ಓದಿದೆ: ‘ನಮ್ಮ ವಾಚನಾಲಯ ಉಳಿಸಿ. ಎಲ್ಲರೂ ತಪ್ಪದೆ ಓಡು ಹಾಕಿ.’

ಪದವೀಧರೆಗೆ ಅಕ್ಷರ ತಪ್ಪು ಕಂಡರೆ ತಡೆಯುತ್ತದೆಯೇ? ಸೀದಾ ಅಂಗಡಿಗೆ ನುಗ್ಗಿದೆ. “ಓಟು ಹೋಗಿ ಓಡು ಹೇಗಾಯಿತು?”

“ನನಗೆ ಬೈಬೇಡಿ ಮೇಡಂ,” ಎಂದರು ಅಂಗಡಿಯವರು. “ನಾನು ಎರಡೆರಡು ಸಲ ಕೇಳಿದ್ದೇನೆ. ಅವರು ಹೇಳಿದ್ದೇ ಓಡು.”

ತಪ್ಪು ಮಾಡಿದವರು ಹೀಗೇ ಅಲ್ಲವೇ ಹೇಳುವುದು? ನಾನು ನಂಬಲಿಲ್ಲ.

ಆದರೆ ಜನ ಬ್ಯಾನರನ್ನು ನಂಬಿದರು. ನಮ್ಮೂರಿನಲ್ಲಿ ಒಂದು ಕ್ರಮ ಉಂಟು. ಹಳೆಯ ಮನೆ ಕೆಡವಿ ಎಂಥ ತಾರಸಿ ಮನೆ ಕಟ್ಟಲಿ, ಹಳೆಯ ಓಡುಗಳನ್ನು ಮಾತ್ರ ಯಾರೂ ಬಿಸಾಡುವುದಿಲ್ಲ. ‘ಎಂತಕ್ಕಾದ್ರೂ ಆಗ್ತದೆ’ ಎಂದು ಹಿತ್ತಿಲಲ್ಲಿ ಅಟ್ಟಿ ಕಟ್ಟಿಡುತ್ತಾರೆ. ಎಂತಕ್ಕೂ ಆಗುವುದಿಲ್ಲ, ಹಾವು ಸಂಸಾರ ಹೂಡುತ್ತದೆ, ಅಷ್ಟೆ. ಈಗ ಆ ಓಡುಗಳೆಲ್ಲ ಆಟೋರಿಕ್ಷಾ ಏರಿದವು. ಒಬ್ಬರು ಸ್ಕೂಟರಿನ ಕಾಲಿಡುವಲ್ಲಿ ಪೇರಿಸಿ ತಂದರು. ಆ ಬಸ್ಸಿನ ಕಂಡಕ್ಟರ್ ಗೋಣಿಯಲ್ಲಿ ತಂದಿಳಿಸಿ, “ಮಾಮಿ, ನನ್ನ ಎರಡನೇ ಓಟು!” ಎಂದ. ವಾಚನಾಲಯದ ಅಂಗಳದಲ್ಲಿ ಓಡಿನ ಗೋಡೆಯೇ ಎದ್ದಿತು.

ಟಿ.ವಿ.ಯಲ್ಲಿ ಏನಾಯಿತು ಎಂದು ಕೇಳುತ್ತೀರಾ? ಮಾಮಿ ಓಟು ಹಾಕಿದ್ದರಲ್ಲ, ಸೋತೆವು! ಯಾವುದೋ ಸಿನಿಮಾದ ಹೊಡೆದಾಟ ನಡೆದ ಬಂಗಲೆಯೊಂದು ಗೆದ್ದಿತು. ನಿರೂಪಕಿ ನಮ್ಮ ವಾಚನಾಲಯಕ್ಕೆ ಕೈ ಬೀಸಿ ಬೈ ಬೈ ಹೇಳಿದಳು. ಆದರೆ ಅಂಗಳದಲ್ಲಿ ಇಡೀ ಊರು ತಂದು ಹಾಕಿದ ಓಡು ಕೂತಿರುವಾಗ ಕೆಡವಲು ಕಮಿಟಿಯವರಿಗೆ ಮುಖ ಬೇಕಲ್ಲ? ಬೈದುಕೊಳ್ಳುತ್ತಲೇ ಮಾಡು ಹೊದಿಸಿದರು. ನೂರು ಮನೆಯ ಓಡು, ನೂರು ಬಣ್ಣ. ದೂರದಿಂದ ತೇಪೆ ಹಚ್ಚಿದ ಲುಂಗಿಯ ಹಾಗೆ ಕಾಣುತ್ತದೆ.

ಮೊದಲ ಮಳೆ ಬಂದ ದಿನ ಮಾಮಿ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ನಾನು ಓದುತ್ತಿದ್ದ ಕಾಲದಲ್ಲಿ ದಿನವೂ ಜತೆಗೆ ಬಂದು, ನಾನು ಮುಗಿಸುವವರೆಗೂ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದವರು ಅವರು. ಅಕ್ಷರ ಬಾರದವರಿಗೆ ಒಳಗೆ ಎಂತ ಕೆಲಸ ಎಂದು ಒಮ್ಮೆಯೂ ಹೊಸಿಲು ದಾಟಿರಲಿಲ್ಲ. ಅಂದು ಚಪ್ಪಲಿ ಬಿಟ್ಟು ದಾಟಿದರು.

“ನೀನು ಕೂತ್ಕೊಳ್ತಿದ್ದದ್ದು ಎಲ್ಲಿ?”

ಮೂಲೆಯ ಮೇಜು ತೋರಿಸಿದೆ. ಕೂತರು. ತಲೆಯೆತ್ತಿ ಮಾಡನ್ನೇ ನೋಡಿದರು. ಮೇಲೆ ಮಳೆ ದಡದಡ ಹೊಡೆಯುತ್ತಿತ್ತು.

“ಮಾಮಿ, ನಿಜ ಹೇಳಿ. ಬ್ಯಾನರಿಗೆ ನೀವು ಹೇಳಿದ್ದು ಓಟಾ, ಓಡಾ?”

ಮಾಮಿ ಮೇಜಿನ ಮೇಲೆ ಅಂಗೈಯಿಟ್ಟು ಉದ್ದಕ್ಕೂ ಸವರಿ ನೋಡಿದರು.

“ಆಗ ಮಾಡು ಸೋರಿ ದಿನಾ ನಿನ್ನ ಪುಸ್ತಕ ಚಂಡಿ ಆಗ್ತಿತ್ತು ಮಗಾ,” ಎಂದರು. “ಒಲೆಯ ಹತ್ರ ಹಿಡಿದು ಒಣಗಿಸ್ತಿದ್ದದ್ದು ನಾನಲ್ವಾ?”