ಐದು ಸ್ಪೀಕರಿನ ಸಂಸಾರ

ಹಾಡಿನ ಡಿಸ್ಕು ಕೂಡಿಡುವ ಹುಚ್ಚು ಹಿಡಿದವನು ನಗೆಪಾಟಲನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಅದೇ ಅವನ ಮನೆ ವಿಳಾಸ ಕೇಳಿಕೊಂಡು ಬರುತ್ತದೆ. ನಮ್ಮ ಮನೆಗಂತೂ ಅದಕ್ಕೆ ದಾರಿ ಬಾಯಿಪಾಠವಾಗಿದೆ.

ಚಳ್ಳಕೆರೆಯಲ್ಲಿ ನಮ್ಮದು ಕಡಲೆಕಾಯಿ ಎಣ್ಣೆಮಿಲ್ಲು ಇತ್ತು. ಮಿಲ್ಲು ನಿಂತ ಮೇಲೆ ಮನೆ ಹಿಂದಿನ ಗೋಡೌನು ಖಾಲಿ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಬಾಡಿಗೆಗೆ ಕೊಡುತ್ತಿದ್ದರು. ನಾನು ಅಲ್ಲಿ ಸುತ್ತಲೂ ಐದು ಸ್ಪೀಕರು ಇಟ್ಟು, ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂತೆ. ಎದುರಿಗೆ ಹಾಡುಗಾರ, ಪಕ್ಕದಲ್ಲಿ ಪಿಟೀಲು, ಬೆನ್ನ ಹಿಂದೆ ತಂಬೂರಿ. ಕಚೇರಿಯ ಒಳಗೇ ಕೂತಂತೆ! ಹಾಗೆ ಕೇಳಿಸಲೆಂದೇ ಮಾಡಿದ ಡಿಸ್ಕುಗಳು ಆಗ ಸಿಗುತ್ತಿದ್ದವು. ಒಂದೊಂದಾಗಿ ತಂದು ಬೀರು ತುಂಬಿಸಿದೆ. "ಕಡಲೆಕಾಯಿ ತುಂಬಿದ್ದ ಜಾಗದಲ್ಲಿ ಈಗ ಸಂಗೀತ ತುಂಬಿದೆ ನೋಡು" ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದೆ.

"ಕಡಲೆಕಾಯಿಗಾದ್ರೂ ಗಿರಾಕಿ ಬರ್ತಿದ್ರು" ಅಂದಳು.

ಗೋಡೆಗೆ ಚಳಿ

ಗೋಡೌನಿನಲ್ಲಿ ಒಂದು ಸಲ ಕೆಮ್ಮಿದರೆ ಮೂರು ಸಲ ಕೇಳಿಸುತ್ತಿತ್ತು. ಹಾಡಿನ ಗತಿಯೂ ಅದೇ. ಗೋಡೆಗೆ ದಪ್ಪ ಬಟ್ಟೆ ಇಳಿಬಿಟ್ಟರೆ ಸದ್ದು ಹದಕ್ಕೆ ಬರುತ್ತದೆ ಎಂದು ಎಲ್ಲೋ ಓದಿದ್ದೆ. ನಮ್ಮೂರಲ್ಲಿ ದಪ್ಪ ಬಟ್ಟೆಗೇನು ಬರ? ನೇರ ಕಂಬಳಿ ಸಂತೆಗೆ ಹೋದೆ. ನೆತ್ತಿ ಸುಡುವ ಬಿಸಿಲು. ಕಂಬಳಿ ಮಾರುತ್ತಿದ್ದ ಯಜಮಾನ ನಾನು ರಾಶಿಗಟ್ಟಲೆ ಆರಿಸುವುದನ್ನು ನೋಡಿ ಕೇಳಿದ:

"ಮನೇಲಿ ಎಷ್ಟು ಜನ ಸಾಮಿ?"

"ಇಬ್ರೇ."

"ಇಬ್ಬರಿಗೆ ಇಷ್ಟೊಂದಾ?"

"ಹೊದೆಯೋಕಲ್ಲಪ್ಪಾ, ಗೋಡೆಗೆ."

ಅವನು ಒಮ್ಮೆ ಬಿಸಿಲನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ದನಿ ತಗ್ಗಿಸಿ, "ಗೋಡೆಗೆ ಚಳಿಜ್ವರ ಯಾವಾಗಿಂದ ಐತೆ?" ಅಂದ.

ಕಂಬಳಿ ಹಾಕಿದ ಮೇಲೆ ಸದ್ದು ನಿಜಕ್ಕೂ ಹದವಾಯಿತು. ಮಳೆ ಬಂದ ದಿನ ಮಾತ್ರ ಎಂಥ ದೊಡ್ಡ ವಿದ್ವಾಂಸರ ಕಚೇರಿಯೂ ಕುರಿಹಟ್ಟಿಯಲ್ಲಿ ನಡೆದಂತೆ ವಾಸನೆ ಬರುತ್ತದೆ.

ಮಾವನವರಿಗೆ ಚಪ್ಪಾಳೆ

ಗೌರಸಮುದ್ರದ ಕಡೆಯ ಹಳ್ಳಿಯಿಂದ ನನ್ನ ಮಾವನವರು ಬಂದರು. ಹಿರಿಯರು, ಹೆಣ್ಣು ಕೊಟ್ಟವರು. ನಡುವಿನ ಕುರ್ಚಿ ಅವರಿಗಲ್ಲದೆ ಇನ್ಯಾರಿಗೆ? ಕೂರಿಸಿ, ಒಂದು ಒಳ್ಳೆಯ ಕಚೇರಿಯ ಡಿಸ್ಕು ಹಾಕಲು ತಿರುಗಿದೆ. ಅಷ್ಟರಲ್ಲಿ ಅವರ ಕಣ್ಣಿಗೆ ಹಿಂದಿನ ಗೋಡೆಯ ಲಕ್ಷ್ಮಿ ಫೋಟೊ ಬಿತ್ತು. ಮಿಲ್ಲಿನ ಕಾಲದ್ದು. ನನ್ನ ಹೆಂಡತಿ ಈಗಲೂ ದಿನಾ ಅದಕ್ಕೆ ಊದಿನಕಡ್ಡಿ ಹಚ್ಚುತ್ತಾಳೆ.

"ದೇವ್ರಿಗೆ ಬೆನ್ನು ಹಾಕ್ಕಂಡು ಕುಂತ್ರೆ ಹೆಂಗೆ?" ಎಂದು ಮಾವನವರು ಎದ್ದು, ಕುರ್ಚಿಯನ್ನೇ ತಿರುಗಿಸಿಕೊಂಡು ಕೂತರು.

ಹಿಂದುಮುಂದಾಯಿತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮಾವನವರಿಗೆ ಹೇಳುವುದೋ, ಲಕ್ಷ್ಮಿಗೆ ಹೇಳುವುದೋ? ಹಾಡುಗಾರ ಅವರ ಬೆನ್ನ ಹಿಂದೆ ಹಾಡಿದ. ಮುಂದೆ ಬರೀ ತಂಬೂರಿ. ಒಂದು ಗಂಟೆ ಕಣ್ಣು ಮಿಟುಕಿಸದೆ ಕೇಳಿದರು. ಕೊನೆಗೆ ಸಭಿಕರ ಚಪ್ಪಾಳೆ ಬಂತು. ಚಪ್ಪಾಳೆ ಬರುವುದು ಹಿಂದಿನ ಸ್ಪೀಕರುಗಳಿಂದ, ಅಂದರೆ ಈಗ ಮಾವನವರ ಎದುರಿನಿಂದ. ಸಭೆ ಪೂರ್ತಿ ತಮ್ಮ ಮುಖ ನೋಡಿಕೊಂಡೇ ಚಪ್ಪಾಳೆ ತಟ್ಟಿದಂತಾಯಿತು. ಮಾವನವರು ಗಡಬಡಿಸಿ ಎದ್ದು ನಿಂತು ಕೈ ಮುಗಿದರು.

"ಅಳಿಯಂದ್ರೇ, ಹಾಡೋನು ಭಾಳ ಸಂಕೋಚದ ಮನುಷ್ಯ ಕಣ್ರಿ" ಅಂದರು. "ಹಾಡಿದ್ದು ಅವನು, ಮರ್ಯಾದೆ ಎಲ್ಲಾ ನನಗೇ ಬಿಟ್ಟ."

ಮೊಳಕಾಲ್ಮುರಿನ ಪಾಳಿ

ಈ ಹುಚ್ಚಿನಲ್ಲಿ ನನಗೊಬ್ಬ ಜೊತೆಗಾರ ಇದ್ದಾನೆ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ವ್ಯಾಪಾರ ಮಾಡುವ ಗೆಳೆಯ. ಅವನೂ ಡಿಸ್ಕು ಕೂಡಿಡುವವನೇ, ಆದರೆ ಸುತ್ತಲೂ ಸ್ಪೀಕರು ಇಡುವಷ್ಟು ಜಾಗ ಅವನ ಮನೆಯಲ್ಲಿಲ್ಲ. ಮೊದಲ ಸಲ ನಮ್ಮ ಗೋಡೌನಿಗೆ ಬಂದು ಕೂತವನು ಹಾಡು ಮುಗಿದರೂ ಕಣ್ಣು ಬಿಡಲಿಲ್ಲ. ನೋಡಿದರೆ ಕೆನ್ನೆ ಒದ್ದೆ.

"ಏನಾಯ್ತಲೇ?" ಅಂದೆ.

"ನಮ್ಮನೇಲಿ ಹಿಂಗೇ ಕೇಳ್ತಿತ್ತು ಕಣಲೇ. ಎದುರಿಗೆ ಅಪ್ಪನ ಮಗ್ಗ, ಎಡಕ್ಕೆ ಚಿಕ್ಕಪ್ಪಂದು, ಬಲಕ್ಕೆ ದೊಡ್ಡಪ್ಪಂದು. ಹಿಂದೆ ಅವ್ವ ರಾಟೆ ತಿರುಗಿಸ್ತಿದ್ಲು. ನಡುವೆ ನಾನು ಕುಂತು ಮಗ್ಗಿ ಹೇಳ್ತಿದ್ದೆ. ಆ ಮಗ್ಗ ಒಂದೂ ಈಗಿಲ್ಲ."

ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಬರತೊಡಗಿದ. ಕುರ್ಚಿ ಒಂದೇ, ಹಾಗಾಗಿ ಪಾಳಿ ಮಾಡಿಕೊಂಡೆವು. ಒಂದು ಡಿಸ್ಕಿಗೆ ಅವನು, ಮುಂದಿನದಕ್ಕೆ ನಾನು. ಅವನ ಪಾಳಿ ಬಂದಾಗ ಬೀರುವಿನಲ್ಲಿರುವ ಅತಿ ಉದ್ದದ ಡಿಸ್ಕನ್ನೇ ಹುಡುಕಿ ತೆಗೆಯುತ್ತಿದ್ದ. ಸಾಕು ಏಳೋ ಅಂದರೆ, "ಆಲಾಪನೆ ಅರ್ಧಕ್ಕೆ ಬಿಟ್ಟು ಏಳಬಾರ್ದಲೇ, ಪಾಪ ಬರ್ತೈತೆ" ಅನ್ನುತ್ತಿದ್ದ. ಒಳಗಿಂದ ನನ್ನ ಹೆಂಡತಿ "ಅಣ್ಣಾ, ರೊಟ್ಟಿ ಆಯ್ತು" ಅಂದಳೋ, ಆಲಾಪನೆ, ಪಾಪ ಎರಡನ್ನೂ ಕುರ್ಚಿಯ ಮೇಲೇ ಬಿಟ್ಟು ಎದ್ದು ಹೋಗುತ್ತಿದ್ದ.

ಆಂಧ್ರದಲ್ಲೂ ಇಲ್ಲ

ಆಮೇಲೆ ಡಿಸ್ಕು ಬರುವುದು ನಿಂತಿತು. ದಾವಣಗೆರೆಯ ಅಂಗಡಿಯೊಂದರಲ್ಲಿ ಕೇಳಿದಾಗ ಅಂಗಡಿಯವನು ಇಲ್ಲ ಅನ್ನಲೂ ಇಲ್ಲ. ಒಳಗಿದ್ದ ಇನ್ನಿಬ್ಬರನ್ನು ಕರೆದು, "ಬನ್ರೋ, ಇನ್ನೂ ಡಿಸ್ಕು ಕೇಳೋರು ಬಂದವ್ರೆ" ಎಂದು ನನ್ನನ್ನು ತೋರಿಸಿದ.

ಈಗ ಎಲ್ಲಾ ನೆಟ್ಟಿನಲ್ಲಿ. ತಿಂಗಳ ಚಂದಾ ಕಟ್ಟಿದರೆ ಸುತ್ತಲೂ ಕೇಳಿಸುವ ಹಾಡೂ ಅಲ್ಲೇ ಸಿಗುತ್ತದಂತೆ. ಕಟ್ಟಿದೆ. ನನ್ನ ಹಳೆಯ ಯಂತ್ರಕ್ಕೆ ಆ ಹೊಸ ಹಾಡಿನ ಗಂಟು ಬಿಚ್ಚಲು ಬರಲಿಲ್ಲ. ಮುಂದಿನ ಎರಡು ಸ್ಪೀಕರು ಹಾಡಿದವು, ಉಳಿದ ಮೂರು ಬೀಗರ ಮನೆಗೆ ಬಂದವರಂತೆ ಸುಮ್ಮನೆ ಕೂತವು. ಸಾಲದ್ದಕ್ಕೆ, ನಾವು ಮೆಚ್ಚಿ ಗುರುತು ಹಾಕಿಟ್ಟುಕೊಂಡಿದ್ದ ಒಂದು ವೀಣಾ ಕಚೇರಿ ಒಂದು ಭಾನುವಾರ ನೋಡಿದರೆ ಮಾಯ. 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎಂದು ಬಂತು. ಬೀರುವಿನಲ್ಲಿದ್ದ ಡಿಸ್ಕು ಹೀಗೆ ಹೇಳದೆ ಕೇಳದೆ ಎದ್ದು ಹೋದದ್ದುಂಟೇ? ನನಗೆ ಮೈಯೆಲ್ಲ ಉರಿಯಿತು.

ಗೆಳೆಯ ಸಮಾಧಾನ ಮಾಡಿದ. "ಚಳ್ಳಕೆರೆ ಪ್ರದೇಶದಾಗೆ ಇಲ್ಲ ಅಂದಿರಬೇಕು. ಮೊಳಕಾಲ್ಮುರಿಗೆ ಹೋಗಿ ನೋಡಿ ಹೇಳ್ತೀನಿ ತಡಿ."

ಸಂಜೆ ಫೋನು ಬಂತು. "ಇಲ್ಲೂ ಇಲ್ಲ ಕಣಲೇ. ನಾಳೆ ರಾಯದುರ್ಗಕ್ಕೆ ಹೋಗ್ತೀನಿ. ಅದು ಬೇರೆ ರಾಜ್ಯ ಅಲ್ವಾ?"

ಅವನ ಊರಿನಿಂದ ಗಡಿ ಎಷ್ಟು ದೂರ? ಬೈಕು ಹತ್ತಿ ಹೋಗಿಯೇಬಿಟ್ಟ. ರಾಯದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನು ಮಾಡಿದ: "ಆಂಧ್ರದಾಗೂ ಇಲ್ಲ! ತೆಲುಗಲ್ಲೂ ಕೇಳಿ ನೋಡ್ದೆ."

"ಯಾರನ್ನ ಕೇಳಿದೆ?"

"ಫೋನನ್ನೇ!"

ಬಲಗಿವಿ

ಇಷ್ಟರವರೆಗೂ ನಗುತ್ತಲೇ ಇದ್ದೆ. ಒಂದು ಭಾನುವಾರ ಗೆಳೆಯ ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಫೋನು ಮಾಡಿದರೆ ಹುರುಪಿನಲ್ಲಿದ್ದ: "ಹೊಸ ಇಯರ್‌ಫೋನು ತಗಂಡೀನಿ ಕಣಲೇ, ವೈರೇ ಇಲ್ಲದ್ದು. ಕಿವಿ ಒಳಗೆ ಎರಡು ಗುಂಡಿ ಇಟ್ಕಂಡ್ರೆ ಸಾಕು, ಸುತ್ತಲೂ ಕೇಳ್ತೈತೆ. ಐದು ಸ್ಪೀಕರ್ರೂ ಬ್ಯಾಡ, ಬಸ್ಸೂ ಬ್ಯಾಡ."

ಕುರ್ಚಿ ಇಡೀ ದಿನ ನನ್ನದೇ ಆಯಿತು. ಪಾಳಿಯಿಲ್ಲ, ಜಗಳವಿಲ್ಲ. ಒಂದು ಡಿಸ್ಕನ್ನೂ ಪೂರ್ತಿ ಕೇಳಲಾಗಲಿಲ್ಲ. ಡಿಸ್ಕು ಹೋಗಲಿ, ಯಂತ್ರ ಹೋಗಲಿ, ಆ ಭಾನುವಾರ ಹೋಗಬಾರದಿತ್ತು ಅನ್ನಿಸಿತು. ಹೆಂಡತಿ ಅಭ್ಯಾಸಬಲದಿಂದ ಅವನ ಪಾಲಿನ ರೊಟ್ಟಿಯನ್ನೂ ಸುಡುತ್ತಿದ್ದಳು, ಇಬ್ಬರೂ ಅದನ್ನು ನೋಡುತ್ತಾ ಕೂರುತ್ತಿದ್ದೆವು.

ಅಂತೂ ಒಂದು ಭಾನುವಾರ ಬಂದ. ಆ ಇಯರ್‌ಫೋನಿನ ಮಹಿಮೆ ತೋರಿಸಲೆಂದು ಹೊರಟವನ ಮುಖ ಬರುವಾಗ ಸಪ್ಪೆ.

"ಏನಾಯ್ತಲೇ?"

"ಇದನ್ನ ಹಾಕ್ಕಂಡು ನಾವು ತಲೆ ತಿರುಗಿಸಿದ್ರೂ ಹಾಡುಗಾರ ಕುಂತ ಜಾಗದಾಗೇ ಕುಂತಿರ್ತಾನೆ, ಹಂಗೆ ಮಾಡಿದಾರೆ. ಆದ್ರೆ ಬಸ್ಸೇ ತಿರುಗಿದ್ರೆ ಏನ್ಮಾಡ್ತಾನೆ ಪಾಪ? ನಮ್ಮೂರ ಪಕ್ಕದ ಹಾನಗಲ್ ಕ್ರಾಸ್ ಹತ್ರ ಬಸ್ಸು ತಿರುಗ್ತು, ಎದುರಿಗಿದ್ದ ಹಾಡುಗಾರ ಹೋಗಿ ಪಕ್ಕದ ಸೀಟಿನ ಅಜ್ಜಿ ಕಡೆ ಕುಂತ. ನಾನು ಅತ್ಲಾಗೆ ತಿರುಗಿ, ಕಣ್ಣು ಮುಚ್ಚಿ, ತಲೆ ಆಡಿಸ್ತಾ 'ಆಹಾ, ಆಹಾ' ಅಂತ ಕುಂತೀನಿ. ಅಜ್ಜಿ ನನ್ನ ಭುಜಕ್ಕೆ ಒಂದು ಕೊಟ್ಟು, ತೆಲುಗಲ್ಲಿ 'ಏಮಿ ನಾಯನಾ, ಈ ವಯಸ್ಸುಲೋ?' ಅಂದ್ಲು. ಮುಂದೆ ತಳಕು ಊರು ಬರೋಗಂಟ ಇಡೀ ಬಸ್ಸು ನನ್ನೇ ನೋಡ್ತಿತ್ತು."

ನಾನು ನಕ್ಕು ನಕ್ಕು ಗೋಡೆಯ ಕಂಬಳಿ ಹಿಡಿದುಕೊಂಡೆ. ಅವನು ಸಿಟ್ಟಾಗಿ ಮುಖ ತಿರುಗಿಸಿದ, ಆಮೇಲೆ ಮೆಲ್ಲಗೆ ಅಂದ: "ಆದ್ರೂ ಹಾಡು ಚಂದ ಐತಲೇ. ಆಹಾ ಅಂದಾಗ ಹೂಂ ಅನ್ನೋರು ಪಕ್ಕದಾಗಿಲ್ಲ, ಅಷ್ಟೇ."

"ಕೊಡಿಲ್ಲಿ" ಅಂದೆ.

ಎಡಗಿವಿಯದು ಅವನು ಇಟ್ಟುಕೊಂಡ, ಬಲಗಿವಿಯದು ನಾನು. ಬೇರೊಂದು ವೀಣಾ ಕಚೇರಿ ಹಾಕಿದ. ಅವನಿಗೆ ವೀಣೆ ಬಂತು, ನನಗೆ ಬರೀ ಮೃದಂಗ. ತಲೆಗೆ ತಲೆ ತಾಗಿಸಿದರೆ ಎರಡೂ ಕೂಡಿ ಪೂರ್ತಿಯಾಗಬಹುದೆಂದು ತಾಗಿಸಿಕೊಂಡು ಕೂತೆವು. ಅವನು ಎಡಕ್ಕೆ ವಾಲಿದರೆ ನಾನೂ ವಾಲಬೇಕು. ರೊಟ್ಟಿಗೆ ಕರೆಯಲು ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ಇಷ್ಟು ದೊಡ್ಡ ದೊಡ್ಡ ಸ್ಪೀಕರು ಇಟ್ಕಂಡು, ಹೇನು ನೋಡಿಕೊಳ್ಳೋರಂಗೆ ಕುಂತಿದೀರಲ್ರೀ!"

"ಸುಮ್ಕಿರಕ್ಕಾ, ತನಿ ಆವರ್ತನ ನಡೀತೈತೆ" ಅಂದ ಗೆಳೆಯ. ತನಿ ಅಂದರೆ ಬರೀ ಮೃದಂಗದ ಪಾಳಿ, ಆ ಮೃದಂಗವಿದ್ದದ್ದು ನನ್ನ ಕಿವಿಯಲ್ಲಿ.

ಸಂಜೆ ಹೊರಡುವಾಗ ತನ್ನ ಎಡಗಿವಿಯದನ್ನು ಜೇಬಿಗೆ ಹಾಕಿಕೊಂಡ. ಬಲಗಿವಿಯದನ್ನು ನಾನು ಕೊಡಹೋದರೆ, "ಇಟ್ಕಳಲೇ, ಇದು ನಿಂದು" ಎಂದು ಬಸ್ಸು ಹತ್ತಿದ. ಬುಧವಾರ ಫೋನು ಬಂತು.

"ಬಲಗಿವಿ ಹೆಂಗೈತೆ?"

"ಚಾರ್ಜ್ ಮುಗಿದು ಸತ್ತೈತೆ. ಚಾರ್ಜ್ ಹಾಕೋ ಡಬ್ಬಿ ಮರೆತು ನೀನೇ ತಗಂಡು ಹೋಗಿದೀಯಲ್ಲೋ!"

"ಮರೆತಲ್ಲ ಕಣಲೇ, ಬೇಕಂತ್ಲೇ ತಂದೀನಿ" ಅಂದ. "ಡಬ್ಬಿ ಕೊಟ್ರೆ ನೀನು ಒಬ್ನೇ ಕುಂತು ಕೇಳಿಬಿಡ್ತೀಯ, ನಿನ್ನ ನಂಬಂಗಿಲ್ಲ. ಭಾನುವಾರ ಬರ್ತೀನಿ ಇರು."