ಬಾತಿನ ಫೋಟೊ ಮತ್ತು ಹಿತ್ತಾಳೆ ಚೊಂಬು

ಹಕ್ಕಿಗಳ ಫೋಟೊ ತೆಗೆಯುವುದು ಬಹಳ ಸುಲಭ. ಹಕ್ಕಿ ಇರಬೇಕು, ಕ್ಯಾಮೆರಾ ಇರಬೇಕು, ಗುಂಡಿ ಒತ್ತಲು ಒಂದು ಬೆರಳಿರಬೇಕು. ನನಗೆ ಮೂರಕ್ಕೂ ಕೊರತೆ ಇರಲಿಲ್ಲ!

ಶಿರಾಲಿಯಲ್ಲಿ ನನ್ನದೊಂದು ಅಂಗಡಿ. ನಲ್ಲಿ, ಪೈಪು, ವಾಶ್‌ಬೇಸಿನ್, ಕಮೋಡು ಮಾರುತ್ತೇನೆ. ಸಕ್ಕರೆ ಕಾಯಿಲೆ ಶುರುವಾಯಿತೆಂದು ಡಾಕ್ಟರು ಬೆಳಿಗ್ಗೆ ನಡೆಯಲು ಹೇಳಿದರು. ಸುಮ್ಮನೆ ನಡೆದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಕುಮಟಾದಲ್ಲಿರುವ ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಬಾವ, ತಾವೇ ತೆಗೆದ ನವಿಲಿನ ಫೋಟೊವನ್ನು ಹಾಲ್‌ನಲ್ಲಿ ತೂಗುಹಾಕಿದ್ದಾರೆ. ಅವರ ಮನೆಗೆ ಹೋದರೆ ಮೊದಲು ನವಿಲು ನೋಡಬೇಕು, ಆಮೇಲೆ ಚಾ.

"ನಮ್ಮಣ್ಣನ ಕೈ ಅಂದ್ರೆ ಕೈ!" ಎಂದು ಹೆಂಡತಿ ಸುಶೀಲಾ ವಾಪಸು ಬರುವ ದಾರಿಯುದ್ದಕ್ಕೂ ಹೇಳುತ್ತಾಳೆ. ನನಗೂ ಎರಡು ಕೈ ಇರುವುದು ಅವಳಿಗೆ ನೆನಪಾಗುವುದಿಲ್ಲ. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಮುಂದಿನ ಭಾನುವಾರ ಬಾವ ನಮ್ಮಲ್ಲಿಗೆ ಊಟಕ್ಕೆ ಬರುವವರಿದ್ದರು. "ನೀವು ಬರೂದ್ರೊಳಗೆ ನಮ್ಮ ಗೋಡೆ ಮೇಲೂ ಒಂದು ಫೋಟೊ ಇರ್ತದೆ. ಬಾತಿಂದು! ನಾನೇ ತೆಗ್ದದ್ದು!" ಎಂದು ಫೋನಿನಲ್ಲಿ ಘೋಷಿಸಿಬಿಟ್ಟೆ. ಚಳಿಗಾಲದಲ್ಲಿ ನಮ್ಮ ಗದ್ದೆಬಯಲಿನ ಕೆರೆಗೆ ಕಾಡುಬಾತುಗಳು ಬರುತ್ತವೆ. ಮಗಳ ಹಳೆಯ ಕ್ಯಾಮೆರಾ ಮನೆಯಲ್ಲೇ ಇತ್ತು. ಹೊನ್ನಾವರದಿಂದ ದೊಡ್ಡ ಫ್ರೇಮು ತಂದೆ. ಗೋಡೆಗೆ ಮೊಳೆ ಹೊಡೆದೆ.

"ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ," ಎಂದಳು ಸುಶೀಲಾ.

ಬೆಳ್ಳಕ್ಕಿಯ ಫೋಟೊ ತೆಗೆದರೆ ಸುಣ್ಣದ ಚುಕ್ಕೆ ಬಂತು. ಮಿಂಚುಳ್ಳಿಯ ಫೋಟೊ ತೆಗೆದರೆ ಅದು ಕೂತಿದ್ದ ತಂತಿ ಬಂತು. ತಂತಿ ಮಾತ್ರ ಬಹಳ ಸ್ಪಷ್ಟ! ಬಾತುಗಳಂತೂ ದೂರದಿಂದಲೇ ನನ್ನನ್ನು ಕಂಡು ಹಾರಿದವು. ಇದ್ದ ಪ್ಯಾಂಟೆಲ್ಲ ಕೆಸರಾದ ಮೇಲೆ ಸುಶೀಲಾ ಕಟ್ಟಪ್ಪಣೆ ಮಾಡಿದಳು: "ನಾಳೆಯಿಂದ ಲುಂಗಿ ಉಟ್ಕಂಡು ಹೋಗಿ." ಬಾತು ಹತ್ತಿರ ಬರಲೆಂದು ಅಕ್ಕಿ ಒಯ್ಯುವ ಉಪಾಯವೂ ಅವಳದೇ. ಪ್ಲಾಸ್ಟಿಕ್ ಚೀಲ ಪರಪರ ಸದ್ದು ಮಾಡುತ್ತದೆಂದು ಅಕ್ಕಿಯನ್ನು ಹಿತ್ತಾಳೆ ಚೊಂಬಿಗೆ ಹಾಕಿದ್ದು ನನ್ನ ಸ್ವಂತ ಬುದ್ಧಿ.

ಈಗ ನೀವೇ ಕಲ್ಪಿಸಿಕೊಳ್ಳಿ. ಬೆಳಕು ಹರಿಯುವ ಹೊತ್ತು. ಲಕ್ಕಿ ಗಿಡಗಳ ಮರೆ. ಲುಂಗಿ ಮೇಲೆತ್ತಿ ಕಟ್ಟಿ, ಪಕ್ಕದಲ್ಲಿ ಚೊಂಬು ಇಟ್ಟುಕೊಂಡು, ಕುಕ್ಕರಗಾಲಲ್ಲಿ ಅಲ್ಲಾಡದೆ ಕುಳಿತ ಗೌರವಾನ್ವಿತ ವ್ಯಾಪಾರಿ. ನನಗೊಬ್ಬನಿಗೆ ಮಾತ್ರ ಏನೂ ಹೊಳೆಯಲಿಲ್ಲ!

ಅಂದು ಸಂಜೆ ಪಕ್ಕದ ಮನೆಯ ಗಂಗಕ್ಕ ಹಣ್ಣಾದ ಪಪ್ಪಾಯಿ ಕೊಟ್ಟು ಹೋದರು. ಮರುದಿನ ನಾನು ಇನ್ನೂ ಹೆಚ್ಚು ಹೊತ್ತು ಕುಳಿತೆ. ಸಂಜೆ ಇಸಬ್‌ಗೋಲ್ ಬಂತು! "ಬಿಸಿನೀರಲ್ಲಿ ಕಲಸ್ಕಂಡು ಕುಡೀಲಿ," ಎಂಬ ಸಲಹೆಯ ಸಮೇತ. ಕಲಾವಿದನ ಆರೋಗ್ಯದ ಮೇಲೆ ಊರಿಗೆ ಇಷ್ಟು ಕಾಳಜಿಯೇ ಎಂದು ನನಗೆ ಕಣ್ಣು ತುಂಬಿ ಬಂತು. ಪಪ್ಪಾಯಿಯೂ ಬಹಳ ಸಿಹಿಯಾಗಿತ್ತು.

ಶನಿವಾರ ಕೊನೆಯ ಅವಕಾಶ. ಅಕ್ಕಿಯನ್ನೆಲ್ಲ ನೀರಂಚಿಗೆ ಎರಚಿ ಕುಳಿತೆ. ಬಂದವು! ಒಂದಲ್ಲ, ಇಡೀ ಹಿಂಡು. ಅವು ಅಕ್ಕಿ ಮುಕ್ಕುವ ಸದ್ದು ಕೇಳುವಷ್ಟು ಹತ್ತಿರ. ಉಸಿರು ಬಿಗಿಹಿಡಿದೆ. ಗುಂಡಿಯ ಮೇಲೆ ಬೆರಳಿಟ್ಟೆ.

ಪೀ...!

ಬೆನ್ನ ಹಿಂದೆ ಸೀಟಿ! ನೋಡಿದರೆ ಮಹಿಳಾ ಸಂಘದವರು. ಬಯಲಿಗೆ ಹೋಗುವವರನ್ನು ಹಿಡಿಯುವ ಅಭಿಯಾನ ಅಂದೇ ಶುರುವಾಗಿತ್ತು. ಎಲ್ಲರ ಮುಂದೆ ಸಂಘದ ಅಧ್ಯಕ್ಷೆ ಗಂಗಕ್ಕ, ಬಾಯಲ್ಲಿ ಸೀಟಿ, ಕೈಯಲ್ಲಿ ಮೊಬೈಲು. ಬಾತುಗಳು ಬರ್ರೆಂದು ಎದ್ದವು. ಗಾಬರಿಯಲ್ಲಿ ಚೊಂಬು ಎತ್ತಿಕೊಂಡು ನಾನೂ ಎದ್ದೆ. ಗಂಗಕ್ಕ ಫೋಟೊ ಹೊಡೆದೇಬಿಟ್ಟರು.

"ಹೊಟ್ಟೆ ಸರಿ ಇಲ್ಲ, ಪಾಪ ಅಂತ ಪಪ್ಪಾಯಿ ಕೊಟ್ಟೆ, ಇಸಬ್‌ಗೋಲ್ ಕೊಟ್ಟೆ," ಎಂದರು. "ಆದ್ರೆ ಊರಿಗೆಲ್ಲ ಕಮೋಡು ಮಾರೂರೇ ಬಯಲಿಗೆ ಬಂದ್ರೆ ಹೆಂಗೆ ಮಾರಾಯ್ರೆ?"

"ಗಂಗಕ್ಕಾ, ಚೊಂಬಲ್ಲಿ ಇದ್ದದ್ದು ಅಕ್ಕಿ!" ಎಂದು ಕೂಗಿ ಚೊಂಬನ್ನು ಬೋರಲು ಮಾಡಿ ತೋರಿಸಿದೆ. ಖಾಲಿ! ಇಂಥ ಪ್ರಕರಣಗಳಲ್ಲಿ ತುಂಬಿದ ಚೊಂಬಿಗಿಂತ ಖಾಲಿ ಚೊಂಬೇ ದೊಡ್ಡ ಸಾಕ್ಷಿ ಎಂದು ಆಗ ತಿಳಿಯಿತು. ಕೂಡಲೇ ಕ್ಯಾಮೆರಾ ತೋರಿಸಿದೆ.

"ಅಯ್ಯೋ ದೇವ್ರೇ! ಇದ್ರದ್ದೂ ಫೋಟೊ ತೆಗೀತ್ರಾ?" ಎಂದು ಹಿಂದಿದ್ದವರೊಬ್ಬರು ಬಾಯಿಗೆ ಸೆರಗು ಹಿಡಿದರು.

ನಾನು ಅಂಗಡಿಯ ಬಾಗಿಲು ತೆರೆಯುವಷ್ಟರಲ್ಲಿ ಆ ಫೋಟೊ ಊರಿನ ವಾಟ್ಸಾಪ್ ಗುಂಪು ದಾಟಿ ಭಟ್ಕಳ ಮುಟ್ಟಿತ್ತು. ಮಾವಳ್ಳಿಯ ಗಿರಾಕಿಯೊಬ್ಬರು ಬಂದು ಧ್ವನಿ ತಗ್ಗಿಸಿ ಕೇಳಿದರು: "ಹೋದ ತಿಂಗಳು ನಿಮ್ಮಲ್ಲೇ ಕಮೋಡು ತಕಂಡು ಹೋಗಿದ್ನಲ್ಲ, ಅದ್ರಲ್ಲಿ ಎಂತಾರು ದೋಷ ಅದ್ಯಾ?"

ಸುಶೀಲಾ ಗಂಗಕ್ಕನ ಮನೆಗೆ ಹೋಗಿ ಎಲ್ಲ ಬಿಡಿಸಿ ಹೇಳಿ ಬಂದಳು. ನನ್ನೆದುರು ನಗಲಿಲ್ಲ. ಅಡುಗೆಮನೆಗೆ ಹೋಗಿ ನಕ್ಕಳು. ಕೇಳಿಸಿತು.

ಭಾನುವಾರ ಬಸ್‌ಸ್ಟ್ಯಾಂಡಿನಿಂದ ಬಾವನನ್ನು ಕರೆತಂದೆ. ಖಾಲಿ ಮೊಳೆಗೆ ಏನು ಸಮಜಾಯಿಷಿ ಕೊಡಲಿ ಎಂದು ದಾರಿಯುದ್ದಕ್ಕೂ ಬೆವರುತ್ತಿದ್ದೆ. ಹಾಲ್‌ಗೆ ಕಾಲಿಟ್ಟ ಬಾವ ಗೋಡೆ ನೋಡಿ ನಿಂತುಬಿಟ್ಟರು. ನಾನೂ ನಿಂತೆ.

ನನ್ನ ಫ್ರೇಮಿನೊಳಗೆ ಬಾತುಗಳು! ಎಳೆಬಿಸಿಲಲ್ಲಿ ರೆಕ್ಕೆ ಬಿಚ್ಚಿ ಕೆರೆಯಿಂದ ಏಳುತ್ತಿರುವ ಇಡೀ ಹಿಂಡು. ಸುಶೀಲಾ ಗಂಗಕ್ಕ ಹೊಡೆದ ಫೋಟೊವನ್ನೇ ಹೊನ್ನಾವರದಲ್ಲಿ ಪ್ರಿಂಟ್ ಹಾಕಿಸಿ ತಂದು ಗುಟ್ಟಾಗಿ ತೂಗುಹಾಕಿದ್ದಳು. ನನ್ನನ್ನು ಕತ್ತರಿಸಿ ತೆಗೆಸಿದ್ದಳು. ಒಂದು ಕೈ ಮತ್ತು ಚೊಂಬು ಮಾತ್ರ ಮೂಲೆಯಲ್ಲಿ ಉಳಿದಿದ್ದವು. ಅವನ್ನೂ ಕತ್ತರಿಸಿದ್ದರೆ ಒಂದು ಒಳ್ಳೆಯ ಬಾತು ಹಾಳಾಗುತ್ತಿತ್ತಂತೆ.

"ಎಂತಾ ಚೆಂದ ಬಂದದೆ, ಬಾವ!" ಎಂದರು ಅವರು. "ಹೇಳ್ದಂಗೇ ಮಾಡಿದ್ರಿ. ನೀವೇ ತೆಗ್ದದ್ದು ಅಲ್ದಾ?"

ಸುಶೀಲಾ ನನ್ನ ಮುಖ ನೋಡಿದಳು. ಆ ಗೋಡೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಏನಾದರೂ ಇದೆಯೇ ಎಂದು ನಾನು ಹುಡುಕಿದೆ.

"ಫೋಟೊ ಗಂಗಕ್ಕಂದು, ಬಾವ," ಎಂದೆ. "ಮೊಳೆ ನಂದು."