ಎದುರುಮನೆಯವರ ಕಟ್ಟಿಗೆ ಹುಚ್ಚು

ಆದೋನಿಯ ನಮ್ಮ ಓಣಿಯಲ್ಲಿ ವರ್ಷಕ್ಕೊಬ್ಬರಿಗೆ ಹೊಸ ಹುಚ್ಚು ಹಿಡಿಯಲೇಬೇಕು. ಈ ಸಲ ಹಿಡಿದದ್ದು ಎದುರುಮನೆಯ ಸ್ವಾಮಿಗೆ. ಕಚೇರಿಯಿಂದ ರಿಟೈರಾದ ಆಚಾರವಂತರು. ಪ್ಲಾಸ್ಟಿಕ್ ಪಾಪ, ಇನ್ನು ನಮ್ಮ ಮನೆಯಲ್ಲಿ ಎಲ್ಲಾ ಕಟ್ಟಿಗೆಯದೇ ಅಂದರು. ಅನ್ನಲಿ. ನನಗೆ ಸಿಟ್ಟು ನೆತ್ತಿಗೇರಿದ್ದು ಅವರ ಕಾಂಪೌಂಡಿನ ಬೇವಿನ ಗಿಡದ ಮೇಲೆ ಅವರ ಕಣ್ಣು ಬಿದ್ದಾಗ. ಆ ಗಿಡದ ನೆರಳು ಬೀಳುವುದು ನನ್ನ ಕಟ್ಟೆಯ ಮೇಲೆ. ನಮ್ಮ ಬಿಸಿಲಿನಲ್ಲಿ ಆ ನೆರಳು ಹೋದರೆ ನಾನೂ ಹೋದಂತೆ.

೧. ಹಾಡುವ ಡಬ್ಬಿ

ಮೊದಲು ಬಂದದ್ದು ಕಟ್ಟಿಗೆ ಸ್ಪೀಕರು. ಬೆಲ್ಲದಚ್ಚಿನಷ್ಟು ಡಬ್ಬಿ. ಅದರ ಸುತ್ತ ಥರ್ಮಾಕೋಲ್, ಅದರ ಸುತ್ತ ಗುಳ್ಳೆ ಗುಳ್ಳೆ ಪ್ಲಾಸ್ಟಿಕ್, ಅದರ ಮೇಲೆ ರಟ್ಟು. ಬಿಚ್ಚಿ ಬಿಚ್ಚಿ ಸ್ವಾಮಿಗೆ ದಮ್ಮು ಹತ್ತಿತು.

"ಎಲ್ಲಿಂದ ಬಂತ್ರಿ ಇದು?" ಅಂದೆ.

"ಚೀನಾದಿಂದವ್ವ. ಭೂಮಿ ಉಳಿಸಬೇಕಲ್ಲ."

"ಯಾಕ್ರಿ, ನಮ್ಮೂರ ಬಡಗಿ ಭೂಮಿ ಮ್ಯಾಲ ಇಲ್ಲೇನು?"

ಸ್ವಾಮಿ ಆ ಪ್ಲಾಸ್ಟಿಕ್ಕನ್ನೆಲ್ಲ ಮುದ್ದೆ ಮಾಡಿ ಗಿಡದ ಬುಡದಲ್ಲೇ ಸುಟ್ಟರು. ನಾನು ಕೆಮ್ಮುತ್ತ ಕೂತೆ. ಒಳಗೆ ಕಟ್ಟಿಗೆ ಡಬ್ಬಿ ನನ್ನ ಕೆಮ್ಮಿಗೆ ಸರಿಯಾಗಿ ತಾಳ ಹಾಕಿ ಭಜನೆ ಹಾಡುತ್ತಿತ್ತು.

೨. ಮಡಿಫೋನು

ಆಮೇಲೆ ಫೋನಿಗೆ ಕಟ್ಟಿಗೆಯ ಕವರು. ಅವರ ಹೆಂಡತಿ ಮಡಿಯುಟ್ಟರೆ ಅಡುಗೆ ಮುಗಿಯುವ ತನಕ ಫೋನು ಮುಟ್ಟುತ್ತಿರಲಿಲ್ಲ. ಅಷ್ಟು ಹೊತ್ತಾದರೂ ಓಣಿ ತಣ್ಣಗಿರುತ್ತಿತ್ತು. ಈಗ ಮಡಿಸೀರೆಯಲ್ಲೇ ಒಲೆ ಮುಂದೆ ನಿಂತು, ಆಲೂರಿನ ಬೀಗರ ಮನೆಯ ಜಗಳವನ್ನೆಲ್ಲ ಯಾರಿಗೋ ಹೇಳುತ್ತಿದ್ದರು.

"ಮಡ್ಯಾಗ ಫೋನೇನ್ರಿ ಅಮ್ಮಾರ?"

"ಇದು ಕಟ್ಟಿಗೀದವ್ವ, ಊಟದ ಮಣೆ ಇದ್ದಂಗ. ಮೈಲಿಗಿ ಇಲ್ಲ."

"ಒಳಗಿರೋದು?"

"ಒಳಗಿರೋದನ್ನ ನಾ ಎಲ್ಲಿ ಮುಟ್ಟೀನಿ?"

ನಿಜ. ಅವರು ಮುಟ್ಟಿದ್ದು ಬೀಗರ ಮಾನ ಮಾತ್ರ.

೩. ಗರಗಸ

ಮೊಮ್ಮಗಳ ನಾಮಕರಣಕ್ಕೆ ಬಂದವರಿಗೆಲ್ಲ ಒಂದೊಂದು ಕಟ್ಟಿಗೆ ಮೊಬೈಲ್ ಸ್ಟ್ಯಾಂಡು ಕೊಡಬೇಕಂತೆ. ಅದಕ್ಕೆ ಬೇವಿನ ಗಿಡ ಕಡಿಸಬೇಕಂತೆ. ಬಡಗಿ ಗರಗಸ ಹಿಡಿದು ಬಂದ. ನಾನು ಗೇಟಿಗೆ ಅಡ್ಡ ಕೂತೆ.

"ಗಿಡ ಕಡಿದು ಭೂಮಿ ಉಳಿಸ್ತೀರೇನ್ರಿ ಸ್ವಾಮಿ?"

"ಒಂದು ಕಡಿದ್ರ ಹತ್ತು ಸಸಿ ಹಚ್ತೀನವ್ವ."

"ಹಚ್ರಿ. ಅವು ದೊಡ್ಡವಾಗೋತನಕ ನಿಮ್ಮ ಬೋಳುತಲಿ ನೆರಳಾಗ ಕೂಡ್ಲೇನು?"

ತೆಲುಗಿನ ಬಡಗಿ ನಕ್ಕ. "ಪಚ್ಚಿ ಕಟ್ಟೆ ಸಾಮಿ, ಪಗಿಲಿಪೋತುಂದಿ. ಹಸಿ ಕಟ್ಟಿಗಿ ಸೀಳತೈತಿ. ಒಣಗಿದ್ದು ಇದ್ರ ಕೊಡ್ರಿ."

ಸ್ವಾಮಿ ಅಟ್ಟದಿಂದ ಹಳೇ ತೇಗದ ಮಂಚ ಇಳಿಸಿದರು. "ಈಗ ಇದರಾಗ ಮಾಡು. ನಾಮಕರಣ ಆದಮ್ಯಾಲ ಗಿಡ ಕಡಿದು ಒಣಗಾಕ ಹಾಕೋಣ" ಅಂದರು.

ಆ ಮಂಚ ನನಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡೆ. ಹುಟ್ಟಿದಾಗಿನಿಂದ ಅದೇ ಮೊದಲು.

೪. ನಾಮಕರಣ

ಊಟವಾಯಿತು. ನನ್ನನ್ನು ಬಿಟ್ಟು ಎಲ್ಲರ ಕೈಗೂ ಸ್ಟ್ಯಾಂಡು ಬಂತು. ಸ್ವಾಮಿ ಎದ್ದು ನಿಂತು, "ಇದಕ್ಕ ಒಂದು ಎಲೀನೂ ಉದುರಿಸಿಲ್ಲ. ಹೊರಗಿನ ಬೇವಿನ ಗಿಡದಾಗ ಎಲ್ಲರಿಗೂ ಗಡಿಯಾರ ಮಾಡಿಸಿ ಕೊಡ್ತೀನಿ" ಅಂದರು.

ಆಲೂರಿನ ಬೀಗಿತ್ತಿ ಸ್ಟ್ಯಾಂಡು ತಿರುವಿ ನೋಡಿ, "ಯಾವ ಕಟ್ಟಿಗಿ? ಭಾಳ ಚಂದ ಅದ" ಅಂದರು.

"ತೇಗ್ರಿ ಅಮ್ಮಾರ. ಸ್ವಾಮಿ ತಾಯಿ ಮಲಗತಿದ್ದ ಮಂಚ," ಅಂದೆ ನಾನು.

"ಅವರ ನೆನಪಿಗೇನು, ಪಾಪ."

"ಹೌದ್ರಿ. ಅದರ ಮ್ಯಾಲೇ ಪ್ರಾಣ ಬಿಟ್ರು. ನೆಲಕ್ಕ ಇಳಸಾಕ ಮನ್ಯಾಗ ಯಾರೂ ಇರಲಿಲ್ಲ, ಎಲ್ಲಾರೂ ಮಾಧವರಂ ಊರಿಗೆ ಮದುವಿಗಂತ ಹೋಗಿದ್ರು. ನಾನೇ ಬಾಯಾಗ ನೀರು ಬಿಟ್ಟೆ."

ಎಲ್ಲರ ಕಣ್ಣೂ ಸ್ವಾಮಿಯ ಕಡೆ ತಿರುಗಿತು. ಕೊನೆಗಾಲದಲ್ಲಿ ತಾಯಿಯನ್ನು ದರ್ಭೆಯ ಮೇಲೆ ಮಲಗಿಸಿ ತುಳಸಿ ನೀರು ಬಿಟ್ಟೆವು ಅಂತ ಸ್ವಾಮಿ ಊರಿಗೆಲ್ಲ ಹೇಳಿದ್ದರು. ಅಂಥ ಮನೆಗಳಲ್ಲಿ ಮಂಚದ ಮೇಲೆ ಜೀವ ಹೋಗಬಾರದು. ಹೋದರೆ ಆ ಮಂಚವನ್ನು ಇಟ್ಟುಕೊಳ್ಳುವುದೂ ಇಲ್ಲ. ಇಲ್ಲಿ ಅದು ಕೂಸಿನ ನಾಮಕರಣದ ಉಡುಗೊರೆ.

ಬೀಗಿತ್ತಿ ಸ್ಟ್ಯಾಂಡನ್ನು ಹಲ್ಲಿ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದರು. ಒಬ್ಬರು ಕೈತೊಳೆಯಲು ಎದ್ದರು, ಇನ್ನೊಬ್ಬರು ನೀರು ಕುಡಿಯಲು. ಹೋದವರೆಲ್ಲ ಬರಿಗೈಲಿ ಬಂದರು. ಸಂಜೆಗೆ ಕಿಟಕಿಯಲ್ಲಿ ಸ್ಟ್ಯಾಂಡು, ತುಳಸಿಕಟ್ಟೆಯ ಹಿಂದೆ ಸ್ಟ್ಯಾಂಡು, ಹೂವಿನ ಬುಟ್ಟಿಯಲ್ಲಿ ಸ್ಟ್ಯಾಂಡು. ಆ ಮನೆಯ ಕಟ್ಟಿಗೆ ಸಾಮಾನನ್ನು ಇನ್ನು ಯಾರು ಮುಟ್ಟುತ್ತಾರೆ? ಗಿಡ ಕಡಿಯಲು ಬರಬೇಡ ಅಂತ ಸ್ವಾಮಿಯೇ ಬಡಗಿಗೆ ಹೇಳಿ ಕಳಿಸಿದರಂತೆ.

ಮರುದಿನ ನಾನು ನೆರಳಲ್ಲಿ ಹುಣಸೆ ಬೀಜ ಬಿಡಿಸುತ್ತಿದ್ದೆ. ಸ್ವಾಮಿ ಗೇಟಿಗೆ ಬಂದು ಹಲ್ಲು ಕಡಿಯುತ್ತ, "ನಿನಗೂ ಒಂದು ಸ್ಟ್ಯಾಂಡ್ ಕೊಡ್ಲೇನವ್ವ?" ಅಂದರು.

"ಒಂದ್ಯಾಕ್ರಿ, ಎಲ್ಲಾ ಕೊಡ್ರಿ. ಸ್ನಾನದ ನೀರು ಕಾಯಿಸಾಕ ಒಣ ಕಟ್ಟಿಗಿ ಬೇಕಾಗಿತ್ತು."